ಗಂಡಸರ ಬಟರ್‌ಫ್ಲೈ ರೇಸ್: ನಮ್ಮ ಕೊಡಗಿನ ಮಕ್ಕಳು, ಅಪ್ಪ ಅಮ್ಮಂದಿರು ಪದೇ ಪದೇ ಕೇಳೋ ಪ್ರಶ್ನೆಗಳು

ಗೋಣಿಕೊಪ್ಪದಿಂದ ಭಾನುವಾರ ಭಾನುವಾರ ಏಳೆಂಟು ಮಕ್ಕಳನ್ನ ಜೀಪಲ್ಲಿ ಕೂರಿಸ್ಕೊಂಡು ಹುಣಸೂರು ಮೇಲೆ ಮೈಸೂರಿಗೆ ಈಜು ಪ್ರಾಕ್ಟೀಸ್‌ಗೆ ಹೋಗ್ತೀವಿ. ಹೋಗ್ತಾ ಬರ್ತಾ ನಾಲ್ಕು ಗಂಟೆ ದಾರಿ, ಅಷ್ಟೂ ಹೊತ್ತು ಪ್ರಶ್ನೆಗಳೇ. ನಮ್ದು ಹಾಕಿ ಊರು, ಪೆನಾಲ್ಟಿ ಕಾರ್ನರ್ ಬಗ್ಗೆ ಅಜ್ಜಿಯಂದ್ರಿಗೂ ಗೊತ್ತು, ಆದ್ರೆ ಈಜಿನ ರೇಸ್ ಬಂದ್ರೆ ಟೀವಿ ಮುಂದೆ ಕೂತವರು "ಇದ್ಯಾಕೆ ಹಿಂಗೆ, ಅದ್ಯಾಕೆ ಹಂಗೆ" ಅಂತ ಕೇಳ್ತಾನೇ ಇರ್ತಾರೆ. ಅದಕ್ಕೇ ಎಲ್ಲಾ ಒಂದು ಕಡೆ ಬರೆದು ಇಡ್ತಾ ಇದೀನಿ. ಒಲಿಂಪಿಕ್ಸ್ ಇರ್ಲಿ, ವರ್ಲ್ಡ್ ಚಾಂಪಿಯನ್‌ಶಿಪ್ ಇರ್ಲಿ, ರೂಲ್ಸ್ ಒಂದೇ.

ಬಟರ್‌ಫ್ಲೈ ಅಂತ ಯಾಕೆ ಹೆಸರು? ಚಿಟ್ಟೆ ಹಂಗೆಲ್ಲಿ ಕಾಣುತ್ತೆ?

ಮುಂದಿನಿಂದ ನೋಡಿ, ಎರಡೂ ಕೈ ಒಟ್ಟಿಗೆ ನೀರಿಂದ ಮೇಲೆ ಬಂದು ರೆಕ್ಕೆ ಥರ ಅಗಲವಾಗಿ ಮುಂದಕ್ಕೆ ಬೀಳುತ್ತೆ, ಅದೇ ಚಿಟ್ಟೆ. ಕಾಲು ಮಾತ್ರ ಡಾಲ್ಫಿನ್‌ದು. ನಮ್ಮ ಕಾವೇರಿ ಮೀನಿನ ಬಾಲ ಅಕ್ಕಪಕ್ಕ ಆಡುತ್ತೆ, ಡಾಲ್ಫಿನ್ ಬಾಲ ಮೇಲೆ ಕೆಳಗೆ ಆಡುತ್ತೆ, ಈಜೋರ ಎರಡೂ ಕಾಲು ಜೋಡಿಸ್ಕೊಂಡು ಹಂಗೇ ಮೇಲೆ ಕೆಳಗೆ ಹೊಡಿಬೇಕು. ಇದು ಮೊದಲು ಬೇರೆ ಸ್ಟ್ರೋಕೇ, ಅಂದ್ರೆ ಬೇರೆ ಈಜು ಶೈಲಿಯೇ ಆಗಿರ್ಲಿಲ್ಲ. 1930ರ ದಶಕದಲ್ಲಿ ಬ್ರೆಸ್ಟ್‌ಸ್ಟ್ರೋಕ್ (ಕಪ್ಪೆ ಥರ ಈಜೋದು) ಈಜೋರು ಕೈಯನ್ನ ನೀರೊಳಗೆ ತರೋ ಬದ್ಲು ನೀರ ಮೇಲಿಂದ ಎಸೆದ್ರೆ ಜಾಸ್ತಿ ಸ್ಪೀಡ್ ಬರುತ್ತೆ ಅಂತ ಕಂಡುಕೊಂಡ್ರು, ರೂಲ್ ಪುಸ್ತಕದಲ್ಲಿ ಅದಕ್ಕೆ ಅಡ್ಡಿ ಇರ್ಲಿಲ್ಲ, ಆಮೇಲೆ ಎಲ್ಲರೂ ಹಂಗೇ ಮಾಡೋಕೆ ಶುರು ಮಾಡಿ ಹಳೇ ಬ್ರೆಸ್ಟ್‌ಸ್ಟ್ರೋಕೇ ಕಾಣೆಯಾಗೋ ಸ್ಥಿತಿ ಬಂತು. ಕೊನೆಗೆ 1952ರಲ್ಲಿ ಎರಡನ್ನೂ ಬೇರೆ ಮಾಡಿದ್ರು. ಒಲಿಂಪಿಕ್ಸ್‌ಗೆ ಬಂದಿದ್ದು 1956ರ ಮೆಲ್ಬರ್ನ್‌ನಲ್ಲಿ, ಗಂಡಸರಿಗೆ 200 ಮೀಟರ್. 100 ಮೀಟರ್ ಬಂದಿದ್ದು 1968ರ ಮೆಕ್ಸಿಕೋದಲ್ಲಿ.

ಎಷ್ಟು ದೂರದ ರೇಸ್‌ಗಳಿವೆ?

ವರ್ಲ್ಡ್ ಚಾಂಪಿಯನ್‌ಶಿಪ್‌ನಲ್ಲಿ 50, 100, 200 ಮೂರೂ ಇದೆ. ಒಲಿಂಪಿಕ್ಸ್‌ನಲ್ಲಿ ಇಲ್ಲೀವರೆಗೂ 100, 200 ಮಾತ್ರ, 2028ರ ಲಾಸ್ ಏಂಜಲಿಸ್‌ಗೆ 50 ಕೂಡ ಸೇರಿಸಿದ್ದಾರೆ.

ಫೈನಲ್‌ನಲ್ಲಿ ಫಾಸ್ಟ್ ಇರೋರು ಯಾವಾಗ್ಲೂ ಮಧ್ಯದ ಲೇನಲ್ಲೇ ಯಾಕಿರ್ತಾರೆ? ಚೀಟಿ ಎತ್ತಲ್ವಾ?

ಎತ್ತಲ್ಲ. ಹೀಟ್ಸ್‌ನಿಂದ, ಅಂದ್ರೆ ಮೊದಲ ಸುತ್ತಿಂದ, 16 ಜನ ಸೆಮಿಗೆ, ಸೆಮಿಯಿಂದ 8 ಜನ ಫೈನಲ್‌ಗೆ. ಸೆಮಿಯಲ್ಲಿ ಯಾರ ಟೈಮ್ ಬೆಸ್ಟೋ ಅವ್ರಿಗೆ 4ನೇ ಲೇನ್, ಎರಡನೆಯವರಿಗೆ 5, ಆಮೇಲೆ 3, 6, 2, 7, 1, 8, ಹಿಂಗೆ ಹೋಗುತ್ತೆ. ಅದಕ್ಕೇ ರೇಸ್ ಸರಿಯಾಗಿ ನಡೆದ್ರೆ ಬಾಣದ ಮೊನೆ ಥರ ಕಾಣುತ್ತೆ. ಒಂದನೇ ಲೇನೋ ಎಂಟನೇ ಲೇನೋ ಯಾರಾದ್ರೂ ಮುಂದೆ ನುಗ್ತಾ ಇದ್ರೆ ಎದ್ದು ಕೂತ್ಕೊಂಡು ನೋಡಿ, ಅವ್ರು ಸೆಮಿಯಲ್ಲಿ ಕಷ್ಟಪಟ್ಟು ಒಳಗೆ ಬಂದವರು.

ಡೈವ್ ಹೊಡೆದ ಮೇಲೆ ಅಷ್ಟು ಹೊತ್ತು ನೀರೊಳಗೇ ಇರ್ತಾರಲ್ಲ, ಅದು ಮೋಸ ಅಲ್ವಾ?

ಅಲ್ಲ, ಅದೂ ರೇಸಿನ ಭಾಗಾನೇ. ನೀರ ಮೇಲೆ ಅಲೆ ಎದುರಾಗುತ್ತೆ, ಒಂದು ಮೀಟರ್ ಕೆಳಗೆ ಹೋದ್ರೆ ಅದರ ಕಾಟ ಇಲ್ಲ, ಡೈವ್‌ನಲ್ಲೋ ಗೋಡೆ ಒದ್ದಾಗ್ಲೋ ಸಿಕ್ಕ ಸ್ಪೀಡನ್ನ ಡಾಲ್ಫಿನ್ ಕಿಕ್ಕಲ್ಲಿ ಉಳಿಸ್ಕೊಂಡು ಹೋಗಬಹುದು. ಆದ್ರೆ ಮಿತಿ ಇದೆ, 15 ಮೀಟರ್ ಆಗೋದ್ರೊಳಗೆ ತಲೆ ನೀರ ಮೇಲೆ ಬರಲೇಬೇಕು. ಟೀವಿಯಲ್ಲಿ ಲೇನ್ ಹಗ್ಗದ ಮೇಲೆ ಆ ಜಾಗಕ್ಕೆ ಬೇರೆ ಬಣ್ಣದ ಗುರುತು ಇರುತ್ತೆ, ನೋಡಿ. ಬಟರ್‌ಫ್ಲೈಗೆ ಈ ಮಿತಿ ಬಂದಿದ್ದು 1998ರಲ್ಲಿ, ಅದಕ್ಕೂ ಮುಂಚೆ ಕೆಲವರು ಸುಮಾರು ದೂರ ಮುಳುಗ್ಕೊಂಡೇ ಹೋಗಿಬಿಡ್ತಿದ್ರು.

ಗೋಡೆ ಎರಡು ಕೈಯಲ್ಲೂ ಮುಟ್ಟಲೇಬೇಕಾ? ಒಂದು ಕೈ ಸ್ವಲ್ಪ ಹಿಂದೆ ಇದ್ರೆ?

ಇದನ್ನ ನಾನು ಮನೆಯಲ್ಲೇ ಕಲ್ತೆ. ನನ್ನ ಮಗ ಹನ್ನೊಂದು ವರ್ಷದವನಿದ್ದಾಗ ಅವನ ಮೊದಲನೇ ಮೀಟ್‌ನಲ್ಲಿ 50 ಮೀಟರ್ ಬಟರ್‌ಫ್ಲೈಗೆ ಇಳಿದ. ಚಿಕ್ಕ ಪೂಲ್, ಒಂದು ಟರ್ನ್ ಇತ್ತು. ಟರ್ನಲ್ಲಿ ಬಲಗೈ ಟೈಲ್ಸ್‌ಗೆ ಪಟ್ ಅಂತ ಬಡೀತು, ಎಡಗೈ ಆಗಲೇ ತಿರುಗೋ ಅವಸರದಲ್ಲಿ ಎದೆ ಹತ್ರ ಬಂದುಬಿಟ್ಟಿತ್ತು. ದಡದ ಮೇಲಿದ್ದ ಜಡ್ಜ್ ಕೈ ಎತ್ತಿದ್ರು. ಮಗನಿಗೆ ಗೊತ್ತೇ ಇಲ್ಲ, ಮೂರನೇದಾಗಿ ಮುಗಿಸಿ ನಗ್ತಾ ನಮ್ಮ ಕಡೆ ನೋಡ್ದ, ಆಮೇಲೆ ಹೆಸರು ಕರೆಯೋವಾಗ ಅವನ ಹೆಸರೇ ಬರ್ಲಿಲ್ಲ. ಜಡ್ಜ್ ಮಾಡಿದ್ದು ಸರಿ. ಬಟರ್‌ಫ್ಲೈ, ಬ್ರೆಸ್ಟ್‌ಸ್ಟ್ರೋಕ್ ಎರಡರಲ್ಲೂ ಪ್ರತಿ ಟರ್ನ್‌ನಲ್ಲೂ ಫಿನಿಶ್‌ನಲ್ಲೂ ಎರಡು ಕೈ ಬೇರೆಬೇರೆಯಾಗಿ, ಆದ್ರೆ ಒಂದೇ ಸಲಕ್ಕೆ ಮುಟ್ಟಬೇಕು. ಒಂದು ಕೈ ಸ್ವಲ್ಪ ಮೇಲೆ ಇನ್ನೊಂದು ಕೆಳಗೆ ಇದ್ರೆ ಪರವಾಗಿಲ್ಲ, ಒಂದಾದ ಮೇಲೊಂದು ಮುಟ್ಟಿದ್ರೆ ಔಟ್. ಅವತ್ತಿಂದ ಮನೆಯಲ್ಲಿ ಬಾಗಿಲು ತೆಗೆಯೋವಾಗ್ಲೂ ಎರಡು ಕೈಯಲ್ಲಿ ತಳ್ಳೋ ಅಭ್ಯಾಸ ಮಾಡ್ಕೊಂಡ, ಒಂದು ವರ್ಷ ಬಿಡ್ಲೇ ಇಲ್ಲ.

ಕಾಲಿಗೂ ಇದೇ ಶಿಸ್ತು, ಎರಡೂ ಒಟ್ಟಿಗೆ ಆಡಬೇಕು. ಫ್ರೀಸ್ಟೈಲ್ ಥರ ಒಂದೊಂದೇ ಒದೆಯೋ ಹಾಗಿಲ್ಲ, ಕಪ್ಪೆ ಕಾಲೂ ನಡೆಯಲ್ಲ.

2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಚಾವಿಚ್ ಗೆದ್ದಿದ್ದಲ್ವಾ? ಯೂಟ್ಯೂಬಲ್ಲಿ ನೋಡಿದ್ರೆ ಅವನೇ ಮುಂದೆ ಇದಾನೆ.

ವಾರಕ್ಕೊಂದ್ಸಲ ಯಾರಾದ್ರೂ ಕೇಳೇ ಕೇಳ್ತಾರೆ, ನನಗೂ ಇದನ್ನ ಎಷ್ಟು ಸಲ ಹೇಳಿದ್ರೂ ಬೇಜಾರಾಗಲ್ಲ. 100 ಮೀಟರ್ ಫೈನಲ್. ಸೆರ್ಬಿಯಾದ ಮಿಲೊರಾಡ್ ಚಾವಿಚ್ ಮೊದಲ 50 ಮೀಟರನ್ನ 23.42ಕ್ಕೆ ಮುಗಿಸಿದ್ದ. ಅಮೆರಿಕದ ಮೈಕೆಲ್ ಫೆಲ್ಪ್ಸ್ 24.04, ಟರ್ನ್ ಮಾಡುವಾಗ ಏಳನೇ ಸ್ಥಾನ. ಎಂಟು ಜನರಲ್ಲಿ ಏಳು! ಅಲ್ಲಿಂದ ವಾಪಸ್ ಬರ್ತಾ ಫೆಲ್ಪ್ಸ್ ಒಂದೊಂದು ಸ್ಟ್ರೋಕ್‌ಗೂ (ಒಂದೊಂದು ಕೈ ಸುತ್ತಿಗೂ) ಒಂದಿಷ್ಟು ಒಂದಿಷ್ಟು ಹಿಡಿತಾ ಬಂದ. ಕೊನೇ ಐದು ಮೀಟರಲ್ಲೂ ಚಾವಿಚೇ ಮುಂದೆ. ಈಗ ನೋಡಿ, ಗೋಡೆ ಹತ್ರ ಬಂದಾಗ ಒಂದು ಲೆಕ್ಕ ಇರುತ್ತೆ: ಇನ್ನೊಂದು ಸ್ಟ್ರೋಕ್ ಹಾಕಿದ್ರೆ ಜಾಗ ಸಾಲದು ಅನ್ಸುತ್ತೆ, ಹಾಕ್ದೇ ಇದ್ರೆ ಕೈ ಚಾಚಿ ಜಾರ್ಕೊಂಡು ಹೋಗಬೇಕು. ಚಾವಿಚ್ ಕೈ ಚಾಚಿ ಜಾರಿದ. ಫೆಲ್ಪ್ಸ್ ಅರ್ಧ ಸ್ಟ್ರೋಕ್ ಜಾಸ್ತಿ ಹಾಕ್ದ, ಕೈಯನ್ನ ಮೇಲಿಂದ ಬೀಸಿ ನೇರ ಟಚ್‌ಪ್ಯಾಡ್‌ಗೆ ಹೊಡ್ದ. 50.58 ಮತ್ತು 50.59. ಸೆಕೆಂಡಿನ ನೂರರ ಒಂದು ಭಾಗ.

ಟೀವಿಯಲ್ಲಿ ಚಾವಿಚ್ ಕೈ ಮೊದಲು ಗೋಡೆ ಹತ್ರ ಇರೋ ಹಾಗೆ ಕಾಣೋದು ನಿಜ. ಆದ್ರೆ ಗೋಡೆಯಲ್ಲಿರೋ ಪ್ಯಾಡನ್ನ ಒತ್ತಬೇಕು, ಬೆರಳು ಸೋಕಿದ್ರೆ ಗಡಿಯಾರ ನಿಲ್ಲಲ್ಲ. ನಿಲ್ಲೋ ಹಾಗಿದ್ರೆ ಪ್ರತಿ ಅಲೆಗೂ ನಿಂತುಬಿಡ್ತಿತ್ತು. ಸೆರ್ಬಿಯಾದವರು ದೂರು ಕೊಟ್ರು, ನೀರೊಳಗಿನ ಕ್ಯಾಮೆರಾ ಚಿತ್ರ ಒಂದೊಂದಾಗಿ ನೋಡಿ ದೂರನ್ನ ತಳ್ಳಿಹಾಕಿದ್ರು. ಆ ಚಿನ್ನ ಫೆಲ್ಪ್ಸ್‌ಗೆ ಆ ಕೂಟದ ಏಳನೇದು, 1972ರ ಮಾರ್ಕ್ ಸ್ಪಿಟ್ಜ್ ದಾಖಲೆಗೆ ಸಮ.

ಇದಕ್ಕಿಂತ ನನ್ನ ಮನಸ್ಸಿಗೆ ಇನ್ನೂ ಹತ್ತಿರ ಅನ್ಸೋದು 1988ರ ಸಿಯೋಲ್ ಒಲಿಂಪಿಕ್ಸ್ ಫೈನಲ್. ಅಮೆರಿಕದ ಮ್ಯಾಟ್ ಬಿಯಾಂಡಿ ಮುಂದೆ ಇದ್ದ, ಕೊನೆಯಲ್ಲಿ ಅವನೂ ಸ್ಟ್ರೋಕ್ ಹಾಕ್ದೇ ಗೋಡೆ ಕಡೆ ಜಾರಿದ. ಪಕ್ಕದಲ್ಲಿ ಸುರಿನಾಮ್ ಅನ್ನೋ ಪುಟ್ಟ ದೇಶದ ಆಂಥೊನಿ ನೆಸ್ಟಿ ಕೈ ಬೀಸಿ ಹೊಡ್ದ. 53.00, 53.01. ಅದೇ ನೂರರ ಒಂದು ಭಾಗ, ಅದೇ ತಪ್ಪು, ಇಪ್ಪತ್ತು ವರ್ಷ ಮುಂಚೆ. ಸುರಿನಾಮ್‌ಗೆ ಒಲಿಂಪಿಕ್ಸ್‌ನಲ್ಲಿ ಅದೇ ಮೊದಲ ಪದಕ, ಈಜಲ್ಲಿ ವೈಯಕ್ತಿಕ ಚಿನ್ನ ಗೆದ್ದ ಮೊದಲ ಕಪ್ಪು ವರ್ಣದ ಗಂಡಸೂ ಅವನೇ. "ನಮ್ಮೂರಲ್ಲಿ ಪೂಲ್ ಇಲ್ಲ ಮಾಮ" ಅಂತ ಮಕ್ಕಳು ಸಪ್ಪಗಾದಾಗೆಲ್ಲ ನಾನು ನೆಸ್ಟಿ ಕಥೆ ಹೇಳ್ತೀನಿ. ಆಮೇಲೆ ಅವ್ರು ಫ್ಲೋರಿಡಾದಲ್ಲಿ ಕೋಚ್ ಆದ್ರು, 2024ರ ಪ್ಯಾರಿಸ್‌ಗೆ ಅಮೆರಿಕದ ಗಂಡಸರ ತಂಡಕ್ಕೇ ಹೆಡ್ ಕೋಚ್ ಆಗಿದ್ರು.

ನೂರರ ಒಂದು ಭಾಗ ಅಂದ್ರೆ ಎಷ್ಟು ದೂರ? ಸಾವಿರದ ಒಂದು ಭಾಗ ಯಾಕೆ ಅಳೆಯಲ್ಲ?

ಇವರು ಸೆಕೆಂಡಿಗೆ ಹೆಚ್ಚುಕಮ್ಮಿ ಎರಡು ಮೀಟರ್ ಹೋಗ್ತಾರೆ, ಹಾಗಾಗಿ 0.01 ಅಂದ್ರೆ ಎರಡು ಸೆಂಟಿಮೀಟರ್ ಒಳಗೆ, ಕಾಫಿ ಹಣ್ಣು ಒಂದು ಇಟ್ಟಷ್ಟು ಜಾಗ. ಸಾವಿರದ ಒಂದು ಭಾಗ ಅಂದ್ರೆ ಎರಡು ಮಿಲಿಮೀಟರ್. 1972ರ ಮ್ಯೂನಿಕ್‌ನಲ್ಲಿ 400 ಮೀಟರ್ ಮೆಡ್ಲಿಯಲ್ಲಿ (ನಾಲ್ಕೂ ಶೈಲಿ ಸೇರಿದ ರೇಸ್) ಹಾಗೆ ಅಳೆದು 0.002 ಸೆಕೆಂಡಲ್ಲಿ ಚಿನ್ನ ಕೊಟ್ರು, ಆಮೇಲೆ ಯೋಚನೆ ಮಾಡಿದ್ರು, ಪೂಲ್ ಕಟ್ಟೋವಾಗ್ಲೇ ಒಂದು ಲೇನ್‌ಗೂ ಇನ್ನೊಂದಕ್ಕೂ ಕೆಲವು ಮಿಲಿಮೀಟರ್ ಹೆಚ್ಚುಕಮ್ಮಿ ಇರುತ್ತಲ್ಲ, ಗಾರೆ ಮೇಸ್ತ್ರಿ ತಪ್ಪಿಗೆ ಈಜೋನು ಯಾಕೆ ಸೋಲಬೇಕು ಅಂತ. ಅದಾದ ಮೇಲೆ ನೂರರ ಭಾಗಕ್ಕೇ ನಿಲ್ಲಿಸಿದ್ರು. ಅಲ್ಲೀವರೆಗೆ ಸಮ ಬಂದ್ರೆ ಪದಕವೂ ಸಮ. ನನಗೆ ಇದು ತುಂಬಾ ನ್ಯಾಯವಾದ ರೂಲ್ ಅನ್ಸುತ್ತೆ.

ಮೂರು ಜನಕ್ಕೆ ಬೆಳ್ಳಿ ಕೊಟ್ಟಿದ್ರಂತೆ, ನಿಜಾನಾ?

ನಿಜ. 2016ರ ರಿಯೋ, 100 ಮೀಟರ್. ಸಿಂಗಾಪುರದ ಜೋಸೆಫ್ ಸ್ಕೂಲಿಂಗ್ 50.39ಕ್ಕೆ ಚಿನ್ನ ತಗೊಂಡ, ಅವನ ದೇಶಕ್ಕೆ ಅದು ಒಲಿಂಪಿಕ್ಸ್‌ನ ಮೊಟ್ಟಮೊದಲ ಚಿನ್ನ. ಹಿಂದೆ ಫೆಲ್ಪ್ಸ್, ದಕ್ಷಿಣ ಆಫ್ರಿಕಾದ ಚಾಡ್ ಲೆ ಕ್ಲೊ, ಹಂಗೇರಿಯ ಲಾಸ್ಲೊ ಚೆ, ಮೂವರೂ 51.14. ಕಂಚು ಯಾರಿಗೂ ಇಲ್ಲ. ಸ್ಕೂಲಿಂಗ್ ಹದಿಮೂರು ವರ್ಷದ ಹುಡುಗ ಇದ್ದಾಗ ಕನ್ನಡಕ ಹಾಕ್ಕೊಂಡು ಫೆಲ್ಪ್ಸ್ ಪಕ್ಕ ನಿಂತು ತೆಗೆಸಿಕೊಂಡ ಫೋಟೋ ಒಂದಿದೆ, ಹುಡುಕಿ ನೋಡಿ. ಎಂಟು ವರ್ಷ ಆದ್ಮೇಲೆ ಅದೇ ಮನುಷ್ಯನನ್ನ ಸೋಲಿಸಿದ.

ಈಗ ವರ್ಲ್ಡ್ ರೆಕಾರ್ಡ್ ಯಾರದ್ದು?

50 ಮೀಟರ್ ಉಕ್ರೇನಿನ ಆಂಡ್ರಿ ಗೊವೊರೊವ್, 22.27, 2018. 100 ಮೀಟರ್ ಅಮೆರಿಕದ ಕೇಲಬ್ ಡ್ರೆಸೆಲ್, 49.45, ಟೋಕಿಯೋ ಒಲಿಂಪಿಕ್ಸ್ ಫೈನಲ್, 2021. 200 ಮೀಟರ್ ಹಂಗೇರಿಯ ಕ್ರಿಸ್ಟೋಫ್ ಮಿಲಾಕ್, 1:50.34, 2022ರಲ್ಲಿ ಅವನದೇ ಊರು ದೇಶದ ಜನರ ಮುಂದೆ ಬುಡಾಪೆಸ್ಟ್‌ನಲ್ಲಿ.

ಟೋಕಿಯೋ ಫೈನಲ್ ಬಗ್ಗೆ ಸ್ವಲ್ಪ ಹೇಳಲೇಬೇಕು, ಯಾಕಂದ್ರೆ ಇಬ್ಬರು ಪೂರ್ತಿ ಬೇರೆಬೇರೆ ಥರ ಈಜೋರು ಅವತ್ತು ಒಂದೇ ನೀರಲ್ಲಿದ್ರು. ಡ್ರೆಸೆಲ್ ಮೊದಲರ್ಧ 23.00, ಎರಡನೇದು 26.45. ಮಿಲಾಕ್ 23.65, ಆಮೇಲೆ 26.03. ಅಂದ್ರೆ ವಾಪಸ್ ಬರೋವಾಗ ಮಿಲಾಕೇ ಫಾಸ್ಟು, ಆದ್ರೆ ಡೈವ್ ಮತ್ತೆ ನೀರೊಳಗಿನ ಕಿಕ್ಕಲ್ಲಿ ಡ್ರೆಸೆಲ್ ಸಂಪಾದಿಸಿದ್ದನ್ನ ಪೂರ್ತಿ ತೀರಿಸೋಕೆ ಆಗ್ಲಿಲ್ಲ, 49.68ಕ್ಕೆ ಬೆಳ್ಳಿ. ಮಕ್ಕಳಿಗೆ ನಾನು ಈ ರೇಸನ್ನ ಎರಡು ಸಲ ತೋರಿಸ್ತೀನಿ, ಒಂದ್ಸಲ ಡ್ರೆಸೆಲ್‌ನೊಬ್ಬನನ್ನೇ ನೋಡಿ ಅಂತ, ಇನ್ನೊಂದ್ಸಲ ಮಿಲಾಕ್‌ನೊಬ್ಬನನ್ನೇ.

2025ರಲ್ಲಿ ಸಿಂಗಾಪುರದ ವರ್ಲ್ಡ್ ಚಾಂಪಿಯನ್‌ಶಿಪ್‌ನಲ್ಲಿ ಫ್ರಾನ್ಸಿನ ಮ್ಯಾಕ್ಸಿಮ್ ಗ್ರೂಸೆ 49.62ಕ್ಕೆ ಗೆದ್ದ, ಸ್ವಿಟ್ಜರ್ಲೆಂಡಿನ ನೋಯೆ ಪೊಂಟಿ 49.83. ಡ್ರೆಸೆಲ್ ದಾಖಲೆ ಹತ್ರ ಹತ್ರ ಬರ್ತಾ ಇದಾರೆ.

200 ಮೀಟರ್ ಯಾಕೆ ಅಷ್ಟು ಕಷ್ಟ ಅಂತಾರೆ? ನೂರರ ಎರಡರಷ್ಟು ಅಷ್ಟೇ ತಾನೆ?

ನಾಟಿ ಮುಗಿದ ಮೇಲೆ ನಮ್ಮಲ್ಲಿ ಕೆಸರುಗದ್ದೆ ಓಟ ಮಾಡ್ತೀವಲ್ಲ, ಅದರಲ್ಲಿ ಕೊನೇ ಇಪ್ಪತ್ತು ಹೆಜ್ಜೆ ನೆನಪು ಮಾಡ್ಕೊಳ್ಳಿ. ಮನಸ್ಸು ಮುಂದೆ ಹೋಗಿರುತ್ತೆ, ಕಾಲು ಕೆಸರಿಂದ ಏಳಲ್ಲ. 200 ಬಟರ್‌ಫ್ಲೈನ ಕೊನೇ 50 ಮೀಟರ್ ಹಂಗೇ, ಆದ್ರೆ ಅದು ಭುಜದಲ್ಲಿ. ಫ್ರೀಸ್ಟೈಲಲ್ಲಿ ಒಂದು ಕೈ ಎಳೀತಿದ್ರೆ ಇನ್ನೊಂದಕ್ಕೆ ಸ್ವಲ್ಪ ಬಿಡುವು ಸಿಗುತ್ತೆ. ಇಲ್ಲಿ ಎರಡೂ ಒಟ್ಟಿಗೆ ಎಳೀಬೇಕು, ಒಟ್ಟಿಗೆ ನೀರಿಂದ ಎತ್ತಬೇಕು, ಎತ್ತಿದಾಗೆಲ್ಲ ಸ್ಪೀಡ್ ಇಳಿಯುತ್ತೆ, ಮತ್ತೆ ಎಳೆದು ಏರಿಸಬೇಕು. ಒಂದು ಕೈ ಸುತ್ತಿಗೆ ಎರಡು ಕಿಕ್: ಕೈ ನೀರಿಗೆ ಬೀಳುವಾಗ ಒಂದು, ನೀರಿಂದ ಹೊರಗೆ ಹೋಗೋವಾಗ ಇನ್ನೊಂದು. ಸುಸ್ತಾದಾಗ ಮೊದಲು ಹೋಗೋದು ಆ ಎರಡನೇ ಕಿಕ್. ಅದು ಹೋಯ್ತು ಅಂದ್ರೆ ಸೊಂಟ ಕೆಳಗಿಳಿಯುತ್ತೆ, ಕೈ ನೀರಲ್ಲಿ ಎಳೆದಾಡುತ್ತೆ, ಟೀವಿಯಲ್ಲಿ ನೋಡಿದವರಿಗೂ ಗೊತ್ತಾಗುತ್ತೆ.

ಬೀಜಿಂಗ್‌ನಲ್ಲಿ ಫೆಲ್ಪ್ಸ್ 200 ಫೈನಲ್ ಈಜುವಾಗ ಗಾಗಲ್ಸ್ ಒಳಗೆ ನೀರು ತುಂಬಿ ಕಣ್ಣೇ ಕಾಣ್ತಿರ್ಲಿಲ್ಲ. ಸ್ಟ್ರೋಕ್ ಎಣಿಸ್ಕೊಂಡು ಗೋಡೆ ಎಲ್ಲಿ ಬರುತ್ತೆ ಅಂತ ಲೆಕ್ಕ ಹಾಕ್ಕೊಂಡು ಗೆದ್ದ, ಅದೂ ವರ್ಲ್ಡ್ ರೆಕಾರ್ಡ್, 1:52.03. ಅದೇ ಫೆಲ್ಪ್ಸ್ 2012ರ ಲಂಡನ್‌ನಲ್ಲಿ ಇದೇ 200 ಮೀಟರಲ್ಲಿ ಕೊನೇ ಗೋಡೆಗೆ ಜಾರ್ಕೊಂಡು ಹೋಗಿ ಲೆ ಕ್ಲೊ ಕೈಲಿ 0.05ರಲ್ಲಿ ಸೋತ. ಚಾವಿಚ್‌ಗೆ ಆಗಿದ್ದೇ ಅವನಿಗೂ ಆಯ್ತು.

ಪ್ಯಾರಿಸ್‌ನಲ್ಲಿ ಫ್ರಾನ್ಸಿನ ಲಿಯಾನ್ ಮಾರ್ಷಾನ್ 1:51.21ಕ್ಕೆ ಮಿಲಾಕ್‌ನ ಸೋಲಿಸಿದ, ಅದೇ ರಾತ್ರಿ 200 ಬ್ರೆಸ್ಟ್‌ಸ್ಟ್ರೋಕ್ ಕೂಡ ಗೆದ್ದ. 200 ಫ್ಲೈ ಈಜಿದ ಮೇಲೆ ಮೆಟ್ಟಿಲು ಹತ್ತೋದೇ ಕಷ್ಟ, ಎರಡು ಗಂಟೆ ಆದ್ಮೇಲೆ ಮತ್ತೆ ನೀರಿಗಿಳಿದು ಇನ್ನೊಂದು ಚಿನ್ನ ಅಂದ್ರೆ ನನಗೆ ಈಗ್ಲೂ ನಂಬೋಕಾಗಲ್ಲ.

ಫುಲ್ ಬಾಡಿ ಸ್ವಿಮ್‌ಸೂಟ್ ಯಾಕೆ ಹಾಕಲ್ಲ ಈಗ?

2008, 2009ರಲ್ಲಿ ಪಾಲಿಯುರೆಥೇನ್ ಸೂಟ್ ಬಂದು ದಾಖಲೆಗಳು ಸಾಲು ಸಾಲಾಗಿ ಬಿದ್ವು, ಮೈ ತೇಲಿಸಿಬಿಡ್ತಿತ್ತು ಅದು. 2010ರ ಜನವರಿಯಿಂದ ನಿಷೇಧ. ಈಗ ಗಂಡಸರಿಗೆ ಸೊಂಟದಿಂದ ಮಂಡಿ ತನಕ ಮಾತ್ರ, ಬಟ್ಟೆದೇ ಆಗಿರಬೇಕು. ಆ ಸೂಟ್ ಕಾಲದಲ್ಲಿ ಫೆಲ್ಪ್ಸ್ ಮಾಡಿದ 49.82, 1:51.51 ಎರಡೂ ಹತ್ತು ವರ್ಷ ಉಳೀತು, 2019ರ ಗ್ವಾಂಗ್‌ಜು ವರ್ಲ್ಡ್ ಚಾಂಪಿಯನ್‌ಶಿಪ್‌ನಲ್ಲಿ ಡ್ರೆಸೆಲ್, ಮಿಲಾಕ್ ಮುರಿದ್ರು. ಹಾ, ಟೋಕಿಯೋದಲ್ಲಿ 200 ಫೈನಲ್‌ಗೆ ಹತ್ತು ನಿಮಿಷ ಇರೋವಾಗ ಮಿಲಾಕ್ ಸೂಟ್ ಹರಿದುಹೋಯ್ತು. ಬೇರೆ ಹಾಕ್ಕೊಂಡು ಇಳಿದು ಚಿನ್ನ ಗೆದ್ದ, ದಾಖಲೆ ಮಾತ್ರ ತಪ್ಪಿತು.

ನಮ್ಮ ದೇಶದವರು ಯಾರಾದ್ರೂ ಇದಾರಾ?

ಇದಾರೆ! 1986ರ ಸಿಯೋಲ್ ಏಷ್ಯನ್ ಗೇಮ್ಸ್‌ನಲ್ಲಿ ಖಜಾನ್ ಸಿಂಗ್ 200 ಬಟರ್‌ಫ್ಲೈಯಲ್ಲಿ ಬೆಳ್ಳಿ ತಂದ್ರು. 2010ರ ಗ್ವಾಂಗ್‌ಝೌದಲ್ಲಿ ವೀರಧವಳ್ ಖಾಡೆ 50 ಮೀಟರಲ್ಲಿ ಕಂಚು. ನಮ್ಮ ಬೆಂಗಳೂರಿನ ರೇಹಾನ್ ಪೂಂಚಾ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ 200 ಬಟರ್‌ಫ್ಲೈ ಈಜಿದ್ರು. ಆಮೇಲೆ ಕೇರಳದ ಸಜನ್ ಪ್ರಕಾಶ್, ಬೆಂಗಳೂರಲ್ಲೂ ತರಬೇತಿ ತಗೊಂಡವರು, ಕುತ್ತಿಗೆ ನೋವಿನಿಂದ ಕೈ ಎತ್ತೋದೇ ಕಷ್ಟ ಅನ್ನೋ ಸ್ಥಿತಿಯಿಂದ ವಾಪಸ್ ಬಂದು 2021ರ ಜೂನ್‌ನಲ್ಲಿ ರೋಮ್‌ನಲ್ಲಿ 1:56.38 ಮಾಡಿದ್ರು. ಒಲಿಂಪಿಕ್ಸ್ 'ಎ' ಟೈಮ್, ಅಂದ್ರೆ ನೇರವಾಗಿ ಅರ್ಹತೆ ಕೊಡೋ ಟೈಮ್, 1:56.48. ಆ ಟೈಮ್ ಮುಟ್ಟಿದ ಮೊದಲ ಭಾರತೀಯ. 0.10 ಸೆಕೆಂಡ್ ಮಾತ್ರ ಉಳಿದಿತ್ತು ನೋಡಿ.

ಹೋಮ್‌ಸ್ಟೇ ಪೂಲಲ್ಲಿ ಬಟರ್‌ಫ್ಲೈ ಕಲಿಬಹುದಾ? ತೋಟದ ಕೆರೆಯಲ್ಲಿ?

ಹೋಮ್‌ಸ್ಟೇ ಪೂಲ್ ಹತ್ತು ಹನ್ನೆರಡು ಮೀಟರ್, ಮೂರು ಸ್ಟ್ರೋಕಿಗೆ ಗೋಡೆ ಬರುತ್ತೆ. ಪೂರ್ತಿ ಸ್ಟ್ರೋಕ್ ಆಗಲ್ಲ, ಆದ್ರೆ ಗೋಡೆ ಒದ್ದು ಕೈ ಮುಂದೆ ಚಾಚಿ ಡಾಲ್ಫಿನ್ ಕಿಕ್ ಪ್ರಾಕ್ಟೀಸ್ ಮಾಡೋಕೆ ತುಂಬಾ ಒಳ್ಳೇದು, ಎರಡು ಕೈ ಟಚ್‌ಗೂ ಒಳ್ಳೇದು. ಟೂರಿಸ್ಟ್ ಇಲ್ದೇ ಇರೋ ವಾರದ ದಿನ ಕೇಳಿದ್ರೆ ಎಷ್ಟೋ ಜನ ಬಿಡ್ತಾರೆ. ದೊಡ್ಡವರು ಒಬ್ಬರು ದಡದಲ್ಲಿ ಇರಲೇಬೇಕು.

ತೋಟದ ಕೆರೆ ಬೇಡ. ನಾನೂ ಕೆರೆಯಲ್ಲೇ ಈಜು ಕಲ್ತವನು, ಬಾಳೆದಿಂಡು ಕಟ್ಕೊಂಡು, ಆದ್ರೂ ಹೇಳ್ತೀನಿ ಬೇಡ. ಕೆಳಗೆ ಹೂಳು ಎಷ್ಟಿದೆ ಗೊತ್ತಾಗಲ್ಲ, ಬಟರ್‌ಫ್ಲೈಯಲ್ಲಿ ತಲೆ ಪದೇ ಪದೇ ನೀರೊಳಗೆ ಹೋಗುತ್ತೆ, ಸುಸ್ತೂ ಬೇಗ. ಪ್ಲಾಸ್ಟಿಕ್ ಹಾಸಿದ ಹೊಂಡ ಇನ್ನೂ ಅಪಾಯ, ಜಾರುತ್ತೆ, ಹತ್ತಿ ಬರೋಕೆ ಹಿಡಿತವೇ ಸಿಗಲ್ಲ. ಮಳೆಗಾಲದಲ್ಲಿ ಹೊಳೆ ಮಾತೇ ಎತ್ಬೇಡಿ.

ರೇಸ್ ನೋಡೋವಾಗ ಯಾವ ಕಡೆ ಕಣ್ಣಿಡಬೇಕು?

ಮೂರು ಜಾಗ. ಡೈವ್ ಆದ್ಮೇಲೆ ಯಾರು ಎಲ್ಲಿ ಮೇಲೆ ಬಂದ್ರು. ಟರ್ನ್ ಆದ್ಮೇಲೆ ಅದೇ. ಆಮೇಲೆ ಕೊನೇ ಐದು ಮೀಟರ್, ಅಲ್ಲಿ ತಲೆ ನೋಡ್ಬೇಡಿ ಕೈ ನೋಡಿ, ಯಾರ ಕೈ ಸ್ಟ್ರೋಕಿನ ಮಧ್ಯದಲ್ಲಿದೆ, ಯಾರ ಕೈ ಚಾಚಿ ಕಾಯ್ತಾ ಇದೆ.

2024ರ ಆಗಸ್ಟ್, ಪ್ಯಾರಿಸ್ 100 ಮೀಟರ್ ಫೈನಲ್ ನಮಗೆ ಮಧ್ಯರಾತ್ರಿ ಹೊತ್ತಿಗೆ ಬಂತು. ಕರೆಂಟ್ ಇಲ್ಲ, ಹೊರಗೆ ಮಳೆ. ಸಿಗ್ನಲ್ ಸಿಗೋದು ಅಡುಗೆಮನೆ ಕಿಟಕಿ ಹತ್ರ ಮಾತ್ರ, ಅಲ್ಲಿ ಮೊಬೈಲ್‌ನ ಅಕ್ಕಿ ಡಬ್ಬಕ್ಕೆ ಒರಗಿಸಿ ಇಟ್ಟು ನಾನೂ ಮಗನೂ ನಿಂತ್ಕೊಂಡು ನೋಡಿದ್ವಿ. ಶೀಟ್ ಮೇಲೆ ಮಳೆ ಬಡಿಯೋ ಸದ್ದಿಗೆ ಕಾಮೆಂಟರಿ ಒಂದು ಅಕ್ಷರ ಕೇಳಿಸ್ತಿಲ್ಲ. ಮಿಲಾಕ್, ಕೆನಡಾದ ಜಾಶ್ ಲಿಯೆಂಡೊ, ಆ ಲಿಯೆಂಡೊ ಫ್ಲೋರಿಡಾದಲ್ಲಿ ನೆಸ್ಟಿ ಹತ್ರ ಕಲಿತ ಹುಡುಗ. ಕೊನೇ ಹತ್ತು ಮೀಟರಿಗೆ ಬರೋವಾಗ ಚಿತ್ರ ನಿಂತುಹೋಯ್ತು, ಪರದೆ ಮಧ್ಯದಲ್ಲಿ ಆ ಸುತ್ತೋ ಚಕ್ರ. ಮಗ ಉಸಿರೇ ಬಿಡ್ತಿಲ್ಲ. ಮತ್ತೆ ಬಂದಾಗ ಟೈಮ್ ಕಾಣ್ತು, ಮಿಲಾಕ್ 49.90, ಲಿಯೆಂಡೊ 49.99. ಅವನು ಕೇಳಿದ ಮೊದಲ ಮಾತು, "ಅಪ್ಪ, ಕೊನೇಲಿ ಯಾರು ಜಾರಿದ್ದು, ಹಿಂದಕ್ಕೆ ಹಾಕಿ ತೋರ್ಸಿ."